ಸೆರಗಿನ ಕೆಳಗಿನ ಕೈ

ಸೀರೆ ಹಸಿರು ಬಣ್ಣದ್ದು ಎಂದು ನಾನು ಹೇಳುತ್ತೇನೆ. ಅದನ್ನು ಇಟ್ಟಿದ್ದ ಮನೆಯಲ್ಲೇ ಬೆಳೆದ ಹುಡುಗಿಯೊಬ್ಬಳು, ಇಲ್ಲ, ಅರಿಶಿನದ ಬಣ್ಣದ್ದು ಎನ್ನುತ್ತಾಳೆ. ಉಟ್ಟವಳು ಗಡಿಯಾಚೆ ಎಲ್ಲೋ ಇದ್ದಾಳೆ, ಕೇಳಲಾಗುವುದಿಲ್ಲ. ಉಡಿಸಿದವರು ಹೋದ ತಿಂಗಳು ತೀರಿಕೊಂಡರು.

ಹಾಗಾಗಿ ಈ ಬರಹದಲ್ಲಿ ಸೀರೆಯ ಬಣ್ಣವನ್ನು ನಂಬಬೇಡಿ. ಉಳಿದದ್ದನ್ನು ಎಷ್ಟು ನಂಬಬೇಕೆಂಬುದು ನನಗೂ ಗೊತ್ತಿಲ್ಲ. ನೆನಪೆಂದರೆ ನಮ್ಮ ಆದೋನಿಯ ಹತ್ತಿ ಮಾರುಕಟ್ಟೆಯ ದಲ್ಲಾಳಿಯಿದ್ದ ಹಾಗೆ. ಮಾರುವವನಿಂದಲೂ ಕೊಳ್ಳುವವನಿಂದಲೂ ತನ್ನ ಪಾಲು ಮುರಿದುಕೊಂಡ ಮೇಲೆಯೇ ಮಾಲು ಕೈಗೆ ಕೊಡುತ್ತದೆ.

ಸೀರೆ ಉಡಿಸಿದವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಯಾರೂ ಹೆಸರು ಹಿಡಿದು ಕರೆದದ್ದನ್ನು ಕೇಳಿಲ್ಲ. ಕನ್ನಡದ ಮನೆಗಳಿಂದ ಬಂದ ಹುಡುಗಿಯರಿಗೆ ದೊಡ್ಡವ್ವ, ತೆಲುಗಿನವರಿಗೆ ಪೆದ್ದಮ್ಮ. ಅಣ್ಣತಮ್ಮಂದಿರು ಹತ್ತಿ ವ್ಯಾಪಾರಿಗಳು, ಇಷ್ಟಲಿಂಗ ಕಟ್ಟಿದ ಹಳೆಯ ಮನೆತನ. ಗಂಡ ತೀರಿದ ಮೇಲೆ ತವರಿಗೆ ಬಂದ ಅಕ್ಕನಿಗೆ ಊರ ಹೊರಗಿನ ಹಳೇ ಗೋದಾಮು ಬಿಟ್ಟುಕೊಟ್ಟರು. ಬಾಡಿಗೆಗೆ ಕೊಟ್ಟು ಸುಮ್ಮನಿರುತ್ತಾಳೆ ಎಂದುಕೊಂಡಿದ್ದರು. ಅವರು ಅದರಲ್ಲಿ ಗೋಡೆ ಎಬ್ಬಿಸಿ, ಮನೆ ಬಿಟ್ಟು ಬಂದ, ಯಾರಿಂದಲೋ ಮಾರಾಟವಾಗಿ ತಪ್ಪಿಸಿಕೊಂಡು ಬಂದ ಹೆಣ್ಣುಮಕ್ಕಳನ್ನು ಇಟ್ಟುಕೊಂಡರು. ಸರ್ಕಾರದ ಒಪ್ಪಿಗೆ ಆಮೇಲೆ ಬಂತು. ಎಷ್ಟು ಸಲ ಗುಡಿಸಿದರೂ ತೊಲೆಗಳ ಸಂದಿನಿಂದ ಹಳೇ ಹತ್ತಿಯ ಅರಳೆ ಉದುರುತ್ತಿತ್ತು. ಊಟಕ್ಕೆ ಕೂತ ಹುಡುಗಿಯರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಉಣ್ಣುತ್ತಿದ್ದರು. ಬೇರೆ ಊರಿಗೆ ಹೋದ ಮೇಲೂ ಹಾಗೇ ಉಣ್ಣುತ್ತಾರಂತೆ.

ನಾನು ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದೆ. ಆದೋನಿ ಆಂಧ್ರದಲ್ಲಿ, ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲಿನ ದಾರಿಯಲ್ಲಿದೆ. ಆ ರೈಲುಗಳಿಂದ ಇಳಿದ, ಇಳಿಸಲ್ಪಟ್ಟ ಹುಡುಗಿಯರಿಗೆ ಕನ್ನಡವೂ ಬಾರದು, ತೆಲುಗೂ ಬಾರದು. ಹಾಗೆ ಯಾರಾದರೂ ಬಂದಾಗ ನನಗೆ ಕರೆ ಬರುತ್ತಿತ್ತು.

"ಮಾಸ್ತರ, ಸ್ವಲ್ಪ ಬಂದು ಹೋಗ್ರಿ. ಒಂದು ಕೂಸು ಬಂದೈತಿ. ಬರೇ ಅಳತೈತಿ, ಯಾವ ಭಾಷಾದಾಗ ಅಳತೈತಿ ಅನ್ನೋದೂ ತಿಳಿವಲ್ದು."

ದೊಡ್ಡವ್ವನದೇ ಒಂದು ಭಾಷೆ ಇತ್ತು. ಹತ್ತಿ ಮಾರುಕಟ್ಟೆಯಲ್ಲಿ ಹಿಂದೆ ದರ ಮಾತಾಡುತ್ತಿದ್ದುದು ಬಾಯಲ್ಲಿ ಅಲ್ಲ, ಟವಲಿನ ಕೆಳಗೆ. ಇಬ್ಬರ ಕೈ ಮೇಲೆ ಬಟ್ಟೆ ಹಾಕಿ, ಬೆರಳು ಹಿಚುಕಿ ಹೇಳುವುದು. ಸುತ್ತ ನಿಂತವರಿಗೆ ತಿಳಿಯಬಾರದು. ಸಣ್ಣವರಿದ್ದಾಗ ಅಪ್ಪನ ಜೊತೆ ಅದನ್ನು ಆಟದ ಹಾಗೆ ಕಲಿತಿದ್ದರಂತೆ. ಹೊಸದಾಗಿ ಬಂದ ಹುಡುಗಿಯ ಪಕ್ಕ ಗೋಡೆಗೆ ಒರಗಿ ಕೂತು, ಸೆರಗನ್ನು ಇಬ್ಬರ ಕೈ ಮೇಲೂ ಹೊದಿಸುತ್ತಿದ್ದರು. ಒಮ್ಮೆ ಹಿಚುಕಿದರೆ ಹೌದು. ಎರಡು ಸಲ ಹಿಚುಕಿದರೆ ಇಲ್ಲ. ಮುಖ ನೋಡುತ್ತಿರಲಿಲ್ಲ. ಇಬ್ಬರೂ ಎದುರಿನ ಗೋಡೆ ನೋಡುತ್ತ ಕೂತಿರುತ್ತಿದ್ದರು, ಬಸ್ಸಿಗೆ ಕಾಯುವವರ ಹಾಗೆ. ನಾನು ಬಾಗಿಲ ಬಳಿ ಕೂತು ಹಿಂದಿಯಲ್ಲಿ ಪ್ರಶ್ನೆ ಕೇಳುವುದು, ಉತ್ತರ ಸೆರಗಿನ ಕೆಳಗೆ ಅವರಿಗೆ ಹೋಗುವುದು.

"ಬಾಯಿ ಯಾರೋ ಕಲಿಸಿದ್ದು ಹೇಳತೈತಿ ಮಾಸ್ತರ. ಕೈಗೆ ಇನ್ನೂ ಯಾರೂ ಸಾಲಿ ಕಲಿಸಿಲ್ಲ."

ಅವರ ಮಾತೆಲ್ಲ ಹೀಗೆ ಚಂದವಾಗಿರುತ್ತಿರಲಿಲ್ಲ. ಬೈಗುಳವೇ ಹೆಚ್ಚು. ಸಾರಿಗೆ ಉಪ್ಪು ಹೆಚ್ಚಾದರೆ "ಯಾರವ್ವ ಇದು, ಸಮುದ್ರದಾಗ ಬ್ಯಾಳಿ ಬೇಯಿಸಿದಾಕಿ" ಎಂದು ಇಡೀ ಗೋದಾಮಿಗೆ ಕೇಳುವಂತೆ ಕೂಗುತ್ತಿದ್ದರು. ಯಾವ ಜಾತಿ, ಯಾವ ಮತ ಎಂದು ಯಾರನ್ನೂ ಕೇಳಲಿಲ್ಲ ಎಂದು ಅವರ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರು ಹೇಳಿದರು. ಅದು ಸುಳ್ಳು. ಎಲ್ಲರನ್ನೂ ಕೇಳುತ್ತಿದ್ದರು, ಕೇಳಿ ಸ್ವಲ್ಪ ಹೊತ್ತು ಮುಖ ಸಿಂಡರಿಸುತ್ತಿದ್ದರು, ಆಮೇಲೆ ಉಣ್ಣಲು ಹಾಕುತ್ತಿದ್ದರು. ಮೊಟ್ಟೆಯೂ ಬೇಯದ ಅಡುಗೆಮನೆಯಲ್ಲಿ ಮೀನಿಗೆ ಹಂಬಲಿಸುವ ಹುಡುಗಿಯರಿಗೆ "ಬದನಿಕಾಯಿ ತಿನ್ನು, ಕಣ್ಣು ಮುಚ್ಚಿಕೊಂಡ್ರ ಮೀನೇ" ಎನ್ನುತ್ತಿದ್ದರು.

ಹಾಗೆ ಮೀನಿಗೆ ಹಂಬಲಿಸಿದವರಲ್ಲಿ ಒಬ್ಬಳು ಈರಮ್ಮ.

ಈರಮ್ಮ ಅವಳ ಹೆಸರಲ್ಲ. ಬಾಂಗ್ಲಾದೇಶದ ಹುಡುಗಿ. ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಎಂದು ಹೇಳಿ ಗಡಿ ದಾಟಿಸಿದರು. ಮುಂಬಯಿಯಲ್ಲಿ ಕೆಲವು ತಿಂಗಳು ಒಂದು ಕೋಣೆಯಲ್ಲಿಟ್ಟು, ಆಮೇಲೆ ಇನ್ನೊಬ್ಬಳಿಗೆ ಮಾರಿದರು. ಆ ಹೆಂಗಸು ಚೆನ್ನೈ ಕಡೆ ಕರೆದೊಯ್ಯುತ್ತಿದ್ದಾಗ ಆದೋನಿಯಲ್ಲಿ ರೈಲು ನಿಂತಿತು. ಶ್ರಾವಣ ಮಾಸ. ಹತ್ತಿರದ ಉರುಕುಂದದ ಈರಣ್ಣ ದೇವರ ದರ್ಶನಕ್ಕೆ ಹೊರಟ ಹೆಂಗಸರು ಪ್ಲಾಟ್‌ಫಾರ್ಮ್ ತುಂಬ ಇಳಿದರು. ಇಷ್ಟು ಹೆಂಗಸರ ನಡುವೆ ತನ್ನನ್ನು ಯಾರೂ ಹುಡುಕಲಾರರು ಅನ್ನಿಸಿ ಅವಳೂ ಇಳಿದಳು, ಅವರ ಹಿಂದೆಯೇ ಹೋಗಿ ಬಸ್ಸು ಹತ್ತಿದಳು. ಕಂಡಕ್ಟರ್ ಟಿಕೆಟ್ ಕೇಳಿದಾಗ ಬಾಯಿ ತೆರೆದಳು, ಅರಿಯದ ಭಾಷೆ ಕೇಳಿ ಬಸ್ಸಿನವರೆಲ್ಲ ತಿರುಗಿ ನೋಡಿದರು. ಅಷ್ಟೇ. ಅದೇ ಹೆಂಗಸರು ಉರುಕುಂದದಲ್ಲಿ ಅವಳಿಗೆ ಪ್ರಸಾದ ಉಣ್ಣಿಸಿ, ವಾಪಸ್ಸು ಬರುವಾಗ ಆದೋನಿಯಲ್ಲಿ ಪೊಲೀಸರಿಗೆ ಒಪ್ಪಿಸಿದರು. ನನಗೆ ಅವಳು ಇದನ್ನು ಒಂದು ದಿನ ಹೀಗೆ ಹೇಳಿದ್ದಳು, ಇನ್ನೊಂದು ದಿನ ನೀರಿಗೆಂದು ಇಳಿದೆ, ರೈಲು ಹೋಯಿತು ಎಂದಳು. ಎರಡೂ ನಿಜವಿರಬಹುದು. ಗೋದಾಮಿನ ಹುಡುಗಿಯರು ಮೊದಲನೆಯದನ್ನು ಆರಿಸಿಕೊಂಡರು, ಉರುಕುಂದದಿಂದ ಬಂದವಳೆಂದು ಈರಮ್ಮ ಅಂದರು. ನಮ್ಮ ಕಡೆ ಮನೆಗೊಬ್ಬ ಈರಣ್ಣ ಇದ್ದೇ ಇರುತ್ತಾನೆ. ಇವಳೊಬ್ಬಳು ಗಡಿ ದಾಟಿ ಬಂದ ಈರಮ್ಮ.

ಅವಳ ವಯಸ್ಸೇ ಎಲ್ಲಕ್ಕೂ ಮೂಲವಾಯಿತು. ಹದಿನೆಂಟರ ಕೆಳಗಿದ್ದರೆ ಅವಳು ರಕ್ಷಣೆ ಬೇಕಾದ ಮಗು. ಮಕ್ಕಳ ಕಲ್ಯಾಣ ಸಮಿತಿಯವರು ಮನೆಯವರನ್ನು ಹುಡುಕಿಸಿ ಊರಿಗೆ ಕಳಿಸುವ ಏರ್ಪಾಡು ಮಾಡುತ್ತಾರೆ, ಅಲ್ಲಿಯವರೆಗೆ ನಮ್ಮ ಗೋದಾಮಿನಂಥ ಕಡೆ ಇರುತ್ತಾಳೆ. ಹದಿನೆಂಟು ದಾಟಿದ್ದರೆ ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದ ವಿದೇಶಿ. ಮಾರಾಟವಾದವಳು ಎಂಬುದನ್ನು ಆಮೇಲೆ ಯಾರಾದರೂ ಕೇಳಿಯಾರು, ಮೊದಲು ಕೇಸು, ಜೈಲು. ಮಗುವನ್ನು ಮಾರಿದ ಕೇಸು ತಮ್ಮ ಮೇಲೆ ಬರಬಾರದೆಂದು ದಾಟಿಸಿದವರು, ಯಾರು ಕೇಳಿದರೂ ಹತ್ತೊಂಬತ್ತು ಎನ್ನಬೇಕೆಂದು ಹೊಡೆದು ಬಾಯಿಪಾಠ ಮಾಡಿಸಿದ್ದರು. ಪೊಲೀಸರು ಕೇಳಿದಾಗ "ಉನ್ನೀಸ್" ಅಂದಿದ್ದಳು. ನನಗೂ ಅದನ್ನೇ ಅಂದಳು.

ದೊಡ್ಡವ್ವ ಸೆರಗು ಹೊದಿಸಿಕೊಂಡು ಕೂತರು. ನಾನು ಒಂದೊಂದೇ ವಯಸ್ಸನ್ನು ಹಿಂದಿಯಲ್ಲಿ ಕೇಳುತ್ತ ಹೋದೆ. ಆಮೇಲೆ ನನ್ನ ಕಡೆ ತಿರುಗಿ, "ಹದಿನಾರಂತ್ರಿ" ಅಂದರು. ಹುಡುಗಿ ಗೋಡೆ ನೋಡುತ್ತಲೇ ಇದ್ದಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಸಮಿತಿಯ ಮುಂದೆ ಹಾಜರಾಗುವ ದಿನ ಬಂತು. ಕಾಗದಪತ್ರ ಯಾವುದೂ ಇಲ್ಲದಿದ್ದಾಗ ಸಮಿತಿಯವರು ಮುಖ ನೋಡಿಯೇ ಇದು ಮಗು ಎಂದು ತೀರ್ಮಾನಿಸಬಹುದು. ಕಾನೂನಿನಲ್ಲಿ ಅಂಥದ್ದೊಂದು ದಾರಿ ಇದೆ. ನಾನು ದೊಡ್ಡವ್ವನಿಗೆ ಅದನ್ನು ಹೇಳಿದ್ದೆ. "ನೋಡಿದರೆ ಸಾಕಂತೆ" ಎಂದೆ. "ನೋಡ್ಲಿ ಬಿಡ್ರಿ, ಕಣ್ಣು ತಂಪಾಗೋ ಹಂಗ ಕರಕೊಂಡು ಬರ್ತೀನಿ" ಅಂದರು.

ಇಲ್ಲಿ ಅವರ ಪದ್ಧತಿಯೊಂದನ್ನು ಹೇಳಬೇಕು. ಗೋದಾಮು ಶುರುವಾದ ಹೊಸತರಲ್ಲಿ ಪೆದ್ದಕಡುಬೂರು ಕಡೆಯ ಹೆಂಗಸೊಬ್ಬಳನ್ನು, ಮೈಮೇಲಿದ್ದ ಹರಕು ಚೂಡಿದಾರಿನಲ್ಲೇ, ಯಾವುದೋ ಕಚೇರಿಗೆ ಕರೆದೊಯ್ದಿದ್ದರು. ಜವಾನ ಅವಳನ್ನು ಬಾಗಿಲ ಹೊರಗೆ ನೆಲಕ್ಕೆ ಕೂರಿಸಿದ. ಒಳಗಿದ್ದವರು ಅವಳಿಗೆ ಏಕವಚನದಲ್ಲಿ ಮಾತಾಡಿದರು, ಇಂಥ ಕೆಲಸಕ್ಕೆ ಯಾಕೆ ಹೋದೆ ಎಂದು ಕೇಳಿದರು. ಅಂದಿನಿಂದ ಯಾರನ್ನು ಹೊರಗೆ ಕರೆದೊಯ್ದರೂ ತಮ್ಮ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಡಿಸುತ್ತಿದ್ದರು. ಅವರ ಮನೆತನದಲ್ಲಿ ಹೆಣ್ಣುಮಗಳು ದೊಡ್ಡವರ ಮುಂದೆ ಹೋಗುವುದೆಂದರೆ ಸೀರೆ, ಕೈತುಂಬ ಬಳೆ, ತಲೆತುಂಬ ಹೂವು. "ಬಟ್ಟಿ ನೋಡಿ ಮಾತಾಡತಾರ ಮಾಸ್ತರ. ಸೀರಿ ಉಟ್ಟಾಕಿಗೆ ಕುರ್ಚಿ ಹಾಕತಾರ." ಅದು ಸುಳ್ಳೂ ಆಗಿರಲಿಲ್ಲ. ಎಷ್ಟೋ ಹೆಂಗಸರಿಗೆ ಆ ಪೆಟ್ಟಿಗೆಯ ಸೀರೆಗಳು ಕುರ್ಚಿ ಕೊಡಿಸಿದ್ದವು.

ನಾನು ಶಾಲೆಯಿಂದ ನೇರವಾಗಿ ಕಚೇರಿಗೆ ಹೋದೆ. ಆಟೋ ಬಂದು ನಿಂತಿತು. ಮೊದಲು ದೊಡ್ಡವ್ವ ಇಳಿದರು, ಅವರ ಕೈ ಹಿಡಿದು ಈರಮ್ಮ ಇಳಿದಳು. ಅವಳು ಉಟ್ಟದ್ದು, ಮಗಳು ಹುಟ್ಟಿದರೆ ಅವಳ ಮದುವೆಗೆಂದು ದೊಡ್ಡವ್ವ ಇಟ್ಟುಕೊಂಡಿದ್ದ ರೇಷ್ಮೆ ಸೀರೆ. ಅಂಚು ಜರಿಯದು, ಅದರಲ್ಲಿ ನನಗೆ ಅನುಮಾನವಿಲ್ಲ. ಮೊಣಕೈವರೆಗೆ ಬಳೆ. ತುರುಬು ಕಟ್ಟಿ ಮಲ್ಲಿಗೆ ಮುಡಿಸಿದ್ದರು. ಹಣೆಗೆ ಏನೂ ಇಟ್ಟಿರಲಿಲ್ಲ. "ಅವರ ಮಂದ್ಯಾಗ ಇಡಂಗಿಲ್ಲಂತ, ಬ್ಯಾಡ ಅಂದ್ಲು, ಬಿಟ್ಟೆ" ಎಂದರು. ಹುಡುಗಿ ತನ್ನ ಸೆರಗಿನ ಅಂಚನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಳಗೆ ಹೋದೆವು. ಮೇಜಿನ ಹಿಂದೆ ಕೂತಿದ್ದ ಅಧ್ಯಕ್ಷರು ತಲೆ ಎತ್ತಿ ನೋಡಿ, "ಕೂರ್ಚೋಮ್ಮಾ" ಎಂದು ಕುರ್ಚಿ ತೋರಿಸಿದರು.

ದೊಡ್ಡವ್ವ ನನ್ನ ಕಡೆ ನೋಡಿದರು. ನೋಡಿದ್ರೇನ, ಎನ್ನುವ ನೋಟ. ಆ ಹೆಮ್ಮೆ ಎಷ್ಟು ಹೊತ್ತು ಉಳಿಯಿತೋ, ಒಂದು ಉಸಿರಿನಷ್ಟು ಇರಬಹುದು.

"ಹುಡುಗಿ ಎಲ್ಲಿ?" ಎಂದು ಅಧ್ಯಕ್ಷರು ತೆಲುಗಿನಲ್ಲಿ ಕೇಳಿದರು.

"ಈಕೀನೇ ಸಾರ್."

"ಈಮೆ ಚಿನ್ನಪಿಲ್ಲಾ?" ಇವಳು ಸಣ್ಣ ಮಗುವೇ ಎಂದು ಅವರು ಪಕ್ಕದವರ ಕಡೆ ನೋಡಿ ನಕ್ಕರು. "ಪೆಳ್ಳಿಕೂತುರುಲಾ ಉಂದಿ ಕದಮ್ಮಾ!"

ಮದುಮಗಳ ಹಾಗಿದ್ದಾಳಲ್ಲಮ್ಮಾ. ಕೆಟ್ಟ ಮನುಷ್ಯರಲ್ಲ ಅವರು, ಕೆಟ್ಟದ್ದಾಗಿ ಹೇಳಲೂ ಇಲ್ಲ. ಮೆಚ್ಚಿಕೊಂಡೇ ಹೇಳಿದರು. ದೊಡ್ಡವ್ವನಿಗೆ ತೆಲುಗು ಕನ್ನಡದಷ್ಟೇ ಚೆನ್ನಾಗಿ ಬರುತ್ತಿತ್ತು. ಅವರ ಮುಖದಲ್ಲಿ ರಕ್ತ ಇಳಿದದ್ದನ್ನು ನಾನು ನೋಡಿದೆ, ಅಥವಾ ಈಗ ನೋಡುತ್ತಿದ್ದೇನೆ. ತಟ್ಟನೆ ಮುಂದೆ ಬಂದು ಹುಡುಗಿಯ ತಲೆಯಿಂದ ಹೂವು ಕಿತ್ತರು. ತುರುಬು ಬಿಚ್ಚಿದರು. ಬಳೆ ತೆಗೆಯಲು ಹೋದರು, ಒಂದು ಒಡೆಯಿತು.

"ಸಾರ್, ಈಗ ನೋಡ್ರಿ. ಈಗ ನೋಡಂಡಿ ಸಾರ್. ಕೂಸು ಸಾರ್ ಇದು. ನಾನೇ ಉಡಿಸೀನಿ, ನಂದು ತಪ್ಪು."

"ಏಮ್ಮಾ, ಏನಿದು ನಾಟಕ?" ಎಂದರು ಅಧ್ಯಕ್ಷರು. ಈಗ ಅವರ ದನಿ ಬೇರೆಯಾಗಿತ್ತು. ಹುಡುಗಿಗೆ ಏನಾಗುತ್ತಿದೆ ಎಂದೇ ತಿಳಿಯದು. ತನ್ನಿಂದ ಸೀರೆ ಕಿತ್ತುಕೊಳ್ಳುತ್ತಿದ್ದಾರೆ ಎಂದುಕೊಂಡು ಎರಡೂ ಕೈಯಲ್ಲಿ ಸೆರಗು ಅವುಚಿ ಹಿಡಿದಳು. ವಯಸ್ಸೆಷ್ಟು ಎಂದು ನನ್ನ ಮೂಲಕ ಕೇಳಿಸಿದರು. ಹೆದರಿದ ಹುಡುಗಿಯ ಬಾಯಿಂದ ಹೊಡೆದು ಕಲಿಸಿದ ಪಾಠವೇ ಬಂತು. "ಉನ್ನೀಸ್."

"ಕೈ ಕೇಳ್ರಿ ಸಾರ್, ಬಾಯಿ ಕೇಳಬ್ಯಾಡ್ರಿ" ಎಂದು ದೊಡ್ಡವ್ವ ಅಂದದ್ದು ಅಲ್ಲಿದ್ದ ಯಾರಿಗೂ ಅರ್ಥವಾಗಲಿಲ್ಲ.

ಆಮೇಲೆ ಎಲುಬಿನ ಎಕ್ಸ್‌ರೇ ತೆಗೆಸಿದರು. ಹದಿನೇಳೂ ಇರಬಹುದು, ಹತ್ತೊಂಬತ್ತೂ ಇರಬಹುದು ಎಂದು ಡಾಕ್ಟರು ಬರೆದರು. ಅನುಮಾನವಿದ್ದಾಗ ಕಡಿಮೆ ವಯಸ್ಸನ್ನೇ ಹಿಡಿಯಬೇಕಿತ್ತು. ಆದರೆ ಆ ಹೊತ್ತಿಗೆ ಆ ಕೋಣೆಯಲ್ಲಿದ್ದ ಎಲ್ಲರ ಕಣ್ಣಲ್ಲಿ ಮದುಮಗಳೊಬ್ಬಳು ಕೂತುಬಿಟ್ಟಿದ್ದಳು, ಏಳಲೊಲ್ಲಳು. ಈರಮ್ಮ ದೊಡ್ಡವಳೆಂದು ತೀರ್ಮಾನವಾಯಿತು. ಕೇಸಾಯಿತು. ಜೈಲಿಗೆ ಕರೆದೊಯ್ದರು. ಅವಳು ಜೊತೆಗೆ ಒಯ್ದ ಆ ಸೀರೆಯನ್ನು ಒಳಗೆ ಬಿಡಲಿಲ್ಲವಂತೆ. ಒಂದು ಪೊಟ್ಟಣದಲ್ಲಿ ವಾಪಸ್ಸು ಬಂತು.

ದೊಡ್ಡವ್ವ ಜೈಲಿನ ಬಾಗಿಲಿಗೆ ಹೋಗಿ ನಿಂತರು. ಏನು ಸಂಬಂಧ ಎಂದು ಕೇಳಿದರೆ "ದೊಡ್ಡವ್ವ" ಅನ್ನುವುದು. ಯಾರ ಕಡೆಯಿಂದ ದೊಡ್ಡವ್ವ, ತಂದೆ ಕಡೆಯೋ ತಾಯಿ ಕಡೆಯೋ ಎಂದು ಕೇಳಿದರೆ ವಾಪಸ್ಸು ಬರುವುದು. ವಕೀಲರನ್ನು ಹಿಡಿದರು, ಮೇಲಿನವರಿಗೆ ಬರೆಸಿದರು. ಅವಳ ದೇಶದವರು ಇವಳು ನಮ್ಮವಳು ಎಂದು ಒಪ್ಪಬೇಕು, ಅದಕ್ಕೆ ಅಲ್ಲಿನ ಪೊಲೀಸರು ಅವಳ ಊರಿಗೆ ಹೋಗಿ ವಿಚಾರಿಸಬೇಕು. ಶಿಕ್ಷೆ ಮುಗಿದರೂ ಆ ಉತ್ತರ ಬರುವವರೆಗೆ ಕೂಡಿಹಾಕಿದ ಕಡೆಯೇ ಇರಬೇಕು. ಒಂದು ಶ್ರಾವಣ ಹೋಯಿತು, ಇನ್ನೊಂದು ಬಂತು.

ಈ ನಡುವೆ ಗೋದಾಮಿನಲ್ಲಿ ಇನ್ನೊಂದು ಪದ್ಧತಿ ಹುಟ್ಟಿತು. ಯಾರನ್ನು ಹೊರಗೆ ಕರೆದೊಯ್ದರೂ ಲಂಗ, ಎರಡು ಜಡೆ, ಕೆಂಪು ರಿಬ್ಬನ್. ಎಲ್ಲರಿಗೂ. ಗಂಡನ ಹೊಡೆತ ತಾಳದೆ ಬಂದ ಮೂವತ್ತರ ಹೆಂಗಸೊಬ್ಬಳಿಗೂ ಜಡೆ ಹೆಣೆಯಲು ಕೂತರು.

"ದೊಡ್ಡವ್ವಾ, ನನಗ ಆರನೇತ್ತಿ ಓದೋ ಮಗ ಅದಾನ. ನನಗ್ಯಾಕ ರಿಬ್ಬನ್ನು? ನೋಡಿದವರು ನಗತಾರ."

"ನಗ್ಲಿ. ನಗೋರು ಜೈಲಿಗೆ ಕಳಸಂಗಿಲ್ಲ. ಸುಮ್ಮನ ಕುಂದ್ರು, ತಲಿ ಅಲ್ಲಾಡಿಸಬ್ಯಾಡ."

ಆಕೆ ಹಾಗೇ ಹೋಗಿ ಬಂದಳು. ಕಚೇರಿಯಲ್ಲಿ ನಕ್ಕರು, ನೆಲಕ್ಕೆ ಕೂರಿಸಿದರು. ನಾನು ಒಮ್ಮೆ ಅವರಿಗೆ ತಿಳಿಸಿ ಹೇಳಲು ನೋಡಿದೆ: ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ, ಎಲ್ಲರಿಗೂ ಒಂದೇ ಬಟ್ಟೆ ಸರಿಹೋಗುವುದಿಲ್ಲ. ಅವರು ರಿಬ್ಬನ್ ಸುತ್ತುತ್ತಲೇ, "ಅಂದ್ರ ನನಗ ಯಾವುದು ಯಾರಿಗೆ ಅಂತ ಗೊತ್ತಾಗಂಗಿಲ್ಲ ಅಂತೀರಿ" ಅಂದರು. "ನನಗೂ ಗೊತ್ತೈತ್ರಿ ಅದು." ಮುಂದೆ ನಾನು ಆ ಮಾತು ಎತ್ತಲಿಲ್ಲ.

ಆ ಸೀರೆಯನ್ನು ಅವರು ಒಂದು ಮಧ್ಯಾಹ್ನ ಕತ್ತರಿಸಿ ಹಾಕಿದರು. ನಾನು ಹೋದಾಗ ಹೊಲಿಗೆ ಯಂತ್ರದ ಸುತ್ತ ತುಂಡುಗಳು ಬಿದ್ದಿದ್ದವು. ಜರಿಯಂಚಿಗೆ ಕತ್ತರಿ ಸಿಕ್ಕಿಕೊಂಡು ಎಳೆಯುತ್ತಿದ್ದರು. ಸಣ್ಣ ಹುಡುಗಿಯರಿಗೆ ಲಂಗ ಹೊಲಿಯುತ್ತಿದ್ದರು. "ಪೆಟಿಗ್ಯಾಗ ಕುಂತು ನನ್ನ ನೋಡತೈತ್ರಿ ಅದು. ಮಲಗಾಕ ಕೊಡವಲ್ದು" ಎಂದರು. ಹುಡುಗಿಯರು ಆ ವರ್ಷವೆಲ್ಲ ಜರಿಯಂಚಿನ ಲಂಗ ತೊಟ್ಟು ತಿರುಗಿದರು.

ಕೊನೆಗೆ ಅವಳ ದೇಶದಿಂದ ಒಪ್ಪಿಗೆ ಬಂತು. ಮುಂಬಯಿಯಲ್ಲಿ ಅಂಥವರೇ ಇನ್ನೂ ಕೆಲವು ಹೆಣ್ಣುಮಕ್ಕಳಿದ್ದರು, ಅವರೆಲ್ಲರ ಜೊತೆ ಸೇರಿಸಿ ಗಡಿಗೆ ಕಳಿಸುವುದೆಂದಾಯಿತು. ಪೊಲೀಸರ ಜೊತೆ ಅವಳು ಹೋಗುವ ರೈಲು ಆದೋನಿಯಲ್ಲಿ ನಿಲ್ಲುತ್ತದೆ ಎಂದು ವಕೀಲರು ತಿಳಿಸಿದರು. ದೊಡ್ಡವ್ವ ಬೆಳಿಗ್ಗೆಯೇ ನನಗೆ ಫೋನ್ ಮಾಡಿದರು. ಸ್ಟೇಷನ್ನಿಗೆ ಹೋದರೆ ಅವರ ಕೈಯಲ್ಲಿ ಒಂದು ಚೀಲ. ಹೊಸ ಲಂಗ, ಜಂಪರು, ರಿಬ್ಬನ್, ಒಂದು ಡಬ್ಬಿಯಲ್ಲಿ ಕರಿದ ಬದನೆಕಾಯಿ. "ಗಡ್ಯಾಗೂ ನೋಡತಾರಲ್ರಿ, ಸಣ್ಣಾಕಿ ಕಾಣ್ಲಿ" ಎಂದರು. ಇನ್ನು ಸಣ್ಣವಳಾಗಿ ಕಂಡರೂ ದೊಡ್ಡವಳಾಗಿ ಕಂಡರೂ ಯಾವ ವ್ಯತ್ಯಾಸವೂ ಆಗುವುದಿಲ್ಲ ಎಂದು ನಾನು ಹೇಳಲಿಲ್ಲ.

ಸುಡುವ ಬಿಸಿಲು. ರೈಲು ಬಂತು. ಬೋಗಿ ಬೋಗಿ ನೋಡುತ್ತ ಓಡಿದೆವು. ಕಿಟಕಿಯ ಸರಳಿನ ಹಿಂದೆ, ಮಹಿಳಾ ಪೊಲೀಸಿನ ಪಕ್ಕ ಕೂತಿದ್ದಳು. ನಾನು ಗುರುತು ಹಿಡಿಯಲಿಲ್ಲ. ಅವಳು ಗೋದಾಮಿಗೆ ಬಂದಾಗ ಇದ್ದ ಗುಂಡು ಮುಖ ಹೋಗಿತ್ತು. ಗದ್ದ ಚೂಪಾಗಿ, ಕಣ್ಣು ಒಳಗೆ ಹೋಗಿ, ನಿಜವಾಗಿಯೂ ದೊಡ್ಡ ಹೆಂಗಸಾಗಿದ್ದಳು. ಕಾಗದದಲ್ಲಿ ಬರೆದದ್ದಕ್ಕೆ ತಕ್ಕಂತೆ ಅವಳನ್ನು ಬೆಳೆಸಿದ್ದರು. ದೊಡ್ಡವ್ವ ಚೀಲಕ್ಕೆ ಹಾಕಿದ ಕೈಯನ್ನು ಹಾಗೇ ಬಿಟ್ಟರು. ಲಂಗ ಹೊರಗೆ ಬರಲಿಲ್ಲ.

ಅವಳು ಮಾತ್ರ ನೋಡಿದ ಕೂಡಲೇ ಎದ್ದು ಸರಳು ಹಿಡಿದಳು. ಜೈಲಿನಲ್ಲಿ ಬಳ್ಳಾರಿ ಕಡೆಯ ಹೆಂಗಸರ ಜೊತೆ ಇದ್ದು ನಮ್ಮ ಕನ್ನಡ ಕಲಿತಿದ್ದಳು.

"ದೊಡ್ಡವ್ವಾ, ಸೊರಗೀರಿ."

"ನಿನಗ ಉಣ್ಣಾಕ ಏನು ಹಾಕ್ಯಾರ ಅಲ್ಲಿ? ಕಟಗಿ ಆಗೀಯಲ್ಲ."

"ಬದನಿಕಾಯಿ ಹಾಕ್ಯಾರ. ಕಣ್ಣು ಮುಚ್ಚಿಕೊಂಡು ತಿಂದೀನಿ."

ಇಬ್ಬರೂ ನಕ್ಕರು. ಪೊಲೀಸಿನವಳೂ ಯಾಕೆಂದು ತಿಳಿಯದೆ ನಕ್ಕಳು. ಆಮೇಲೆ ಹುಡುಗಿ ದನಿ ಇಳಿಸಿ ಕೇಳಿದಳು:

"ದೊಡ್ಡವ್ವಾ, ನನ್ನ ಸೀರಿ ತಂದೀರೇನು?"

ದೊಡ್ಡವ್ವ ಚೀಲದ ಬಾಯಿ ಮುಚ್ಚಿದರು.

"ಅವತ್ತು ಉಡಿಸಿದ್ರಲ್ಲ, ಅದು. ಜೈಲಾಗ ದಿನಾ ನೆನಸೀನಿ. ನಮ್ಮವ್ವನ ಮುಂದ ಅದನ್ನ ಉಟಗೊಂಡು ಹೋಗಿ ನಿಂದ್ರಬೇಕು ಅಂತ. ಯಾರೋ ಮಗಳಂಗ ನೋಡಿಕೊಂಡಾರ ಅಂತ ಆಕಿಗೆ ಗೊತ್ತಾಗ್ಲಿ."

ದೊಡ್ಡವ್ವ ಕಿಟಕಿಯ ಅಂಚಿನ ಮೇಲಿದ್ದ ಅವಳ ಕೈಯ ಮೇಲೆ ತಮ್ಮ ಕೈ ಇಟ್ಟರು. ಸೆರಗು ಎಳೆದು ಎರಡೂ ಕೈಗಳ ಮೇಲೆ ಹೊದಿಸಿದರು. "ಐತವ್ವ. ಮನ್ಯಾಗ ಐತಿ. ತರೂದು ಮರೆತೆ" ಎಂದರು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು, ಆಮೇಲೆ ಗೋದಾಮಿನಲ್ಲಿ ಕೂರುತ್ತಿದ್ದ ಹಾಗೆ ದೃಷ್ಟಿಯನ್ನು ಎದುರಿನ ಗೋಡೆಗೆ, ಅಂದರೆ ಆದೋನಿ ಎಂದು ಮೂರು ಭಾಷೆಯಲ್ಲಿ ಬರೆದ ಹಳದಿ ಫಲಕಕ್ಕೆ, ತಿರುಗಿಸಿದಳು. ರೈಲು ಜಗ್ಗಿತು. ಸೆರಗು ಸ್ವಲ್ಪ ದೂರ ಕಿಟಕಿಯ ಜೊತೆ ಹೋಗಿ ಬಿಟ್ಟುಕೊಂಡಿತು.

ಚೀಲ ಹಾಗೇ ಕೈಯಲ್ಲಿ ಉಳಿದಿತ್ತು, ಬದನೆಕಾಯಿಯ ಡಬ್ಬಿ ಕೂಡ.

ಹೊರಗೆ ಬರುವಾಗ, "ಮನೆಯಲ್ಲಿದೆ ಎಂದು ಹೇಳಿದ್ದು ಒಳ್ಳೆಯದಾಯಿತು" ಎಂದೆ. ಸಮಾಧಾನಕ್ಕೆ ಏನಾದರೂ ಹೇಳಬೇಕಿತ್ತು.

"ಅದು ಬಾಯಿ ಹೇಳಿದ್ದು ಮಾಸ್ತರ."

ಮತ್ತೆ ಸ್ವಲ್ಪ ದೂರ ನಡೆದ ಮೇಲೆ, ನಾನು ಕೇಳದಿದ್ದರೂ, ತಮಗೇ ಹೇಳಿಕೊಳ್ಳುವ ಹಾಗೆ ಅಂದರು: "ಆ ಕೂಸಿಗೆ ಕೈಲೆ ಹೆಂಗ ಸುಳ್ಳು ಹೇಳ್ಲಿ?"

ದೊಡ್ಡವ್ವ ತೀರಿಕೊಂಡಾಗ ಗೋದಾಮಿಗೆ ಹೋಗಿದ್ದೆ. ಕತೆ ಬರೆಯುವವರಾದರೆ ಆ ಸೀರೆಯ ತುಂಡುಗಳನ್ನೆಲ್ಲ ಕೂಡಿಸಿ ಅವರು ಒಂದು ಕೌದಿ ಹೊಲಿದಿದ್ದರು ಎಂದು ಬರೆದಾರು, ಅವರ ಮೈಮೇಲೆ ಅದನ್ನು ಹೊದಿಸಿದರು ಎಂದಾರು. ಹಾಗೇನೂ ಆಗಿರಲಿಲ್ಲ. ಲಂಗಗಳು ಹರಿದವು, ತೊಟ್ಟವರು ಬೆಳೆದು ಹೋದರು. ಹಿತ್ತಲಲ್ಲಿ ಕಾಲು ತೊಳೆಯಲು ಹೋದಾಗ ನಳದ ಬಾಯಿಗೆ ಮಣ್ಣು ಸೋಸಲೆಂದು ಕಟ್ಟಿದ್ದ ಬಟ್ಟೆಯಲ್ಲಿ ಜರಿಯ ಒಂದೆರಡು ನೂಲು ಕಂಡವು. ಬಿಚ್ಚಿ, ಹಿಂಡಿ, ಬಿಸಿಲಿಗೆ ಹಿಡಿದು ನೋಡಿದೆ. ಹಸಿರೋ ಹಳದಿಯೋ ತಿಳಿಯಲಿಲ್ಲ. ಒಳಗಿನಿಂದ ಯಾರೋ ಹುಡುಗಿ "ಸಾರೂ, ಅದು ಬಿಚ್ಚಬ್ಯಾಡ್ರಿ, ನೀರು ರಾಡಿ ಬರತಾವ" ಎಂದು ಕೂಗಿದಳು.

ಮತ್ತೆ ಕಟ್ಟಿದೆ.